ಚರ್ಮದಲ್ಲಿ ಸುಣ್ಣ ಕಟ್ಟುವುದೇಕೆ?

ನಮ್ಮ ಎಲುಬು ಮತ್ತು ಹಲ್ಲುಗಳ ಗಟ್ಟಿತನಕ್ಕೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಕಾರಣವೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಅದು ಹಾಲು, ರಾಗಿ, ಸೊಪ್ಪು ಮೊದಲಾದ ಆಹಾರಗಳಿಂದ ದೊರೆಯುವುದೆಂದು ಪಾಠಪುಸ್ತಕಗಳು ಹೇಳುತ್ತವೆ. ಆದರೆ ಇದೇ ಕ್ಯಾಲ್ಸಿಯಂ ಕೆಲವೊಮ್ಮೆ ತನ್ನ ನೆಲೆಯಲ್ಲದ ಚರ್ಮದಲ್ಲಿಯೂ ಅದರ ಅಡಿಯ ಕೊಬ್ಬಿನ ಪದರದಲ್ಲಿಯೂ ಶೇಖರವಾಗಿ, ಸಾಸಿವೆಯಷ್ಟು ಸಣ್ಣ ಗುಳ್ಳೆಯಿಂದ ಹಿಡಿದು ನಿಂಬೆಯಷ್ಟು ದಪ್ಪ ಗಂಟಿನವರೆಗೆ ನಾನಾ ರೂಪಗಳನ್ನು ತಾಳುವುದುಂಟು. ವೈದ್ಯರು ಈ ಸ್ಥಿತಿಗೆ ಕ್ಯಾಲ್ಸಿನೋಸಿಸ್ ಕ್ಯೂಟಿಸ್ ಎಂದು ಹೆಸರಿಟ್ಟಿದ್ದಾರೆ.

ಇಂಥ ಗಂಟೊಂದು ಕಂಡಾಗ ಜನರು ಮಾಡುವ ತರ್ಕ ಬಹು ಸರಳವಾದುದು. ಗಡಸು ನೀರನ್ನು ದಿನವೂ ಕಾಯಿಸುವ ಹಂಡೆಯ ಒಳಮೈಗೆ ಸುಣ್ಣದ ಪದರ ಕಟ್ಟುತ್ತದೆ. ನೀರಿನಲ್ಲಿ ಸುಣ್ಣ ಹೆಚ್ಚಿದ್ದಷ್ಟೂ ಪದರ ದಪ್ಪವಾಗುತ್ತದೆ. ಹಾಗೆಯೇ ದೇಹದೊಳಗೆ ಕ್ಯಾಲ್ಸಿಯಂ ಹೆಚ್ಚಾದಾಗ ಅದು ಚರ್ಮಕ್ಕೆ ಬಂದು ಕೂಡುತ್ತದೆ. ಆದಕಾರಣ ಹಾಲನ್ನು ಬಿಡಬೇಕು, ರಾಗಿಯನ್ನು ಬಿಡಬೇಕು. ಈ ತರ್ಕ ಕೇಳುವುದಕ್ಕೆ ಸೊಗಸಾಗಿದ್ದರೂ ಬಹುಪಾಲು ಸಂದರ್ಭಗಳಲ್ಲಿ ತಪ್ಪಾದುದೆಂದೂ, ಅದನ್ನು ನಂಬಿ ನಡೆದವರಿಗೆ ಹಾನಿಯುಂಟಾಗುವುದೆಂದೂ ನಮ್ಮ ಅಭಿಪ್ರಾಯ. ಈ ವಿಷಯದಲ್ಲಿ ವಿಜ್ಞಾನವು ಕೇಳುವ ಪ್ರಶ್ನೆಯೇ ಬೇರೆ. ನಮ್ಮ ರಕ್ತದಲ್ಲಿ ಸದಾ ಹರಿಯುತ್ತಿರುವ ಸುಣ್ಣವು ಮೈಯೆಲ್ಲ ಕಲ್ಲಾಗದಂತೆ ತಡೆದು ನಿಲ್ಲಿಸಿರುವುದು ಯಾವುದು? ಆ ತಡೆ ಈ ಒಂದೆಡೆಯಲ್ಲಿ ಏಕೆ ಮುರಿಯಿತು?

ಬೆಳ್ಳಗಿರುವುದೆಲ್ಲ ಹಾಲಲ್ಲ

ಮೊದಲು ಒಂದು ಎಚ್ಚರಿಕೆಯ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಚರ್ಮಕ್ಕೂ ಅನ್ವಯಿಸುತ್ತದೆ. ಕಣ್ಣಿನ ಸುತ್ತಲೂ ಕೆನ್ನೆಯ ಮೇಲೂ ಏಳುವ ಮುತ್ತಿನಂಥ ಪುಟ್ಟ ಗುಳ್ಳೆಗಳಲ್ಲಿರುವುದು ಸುಣ್ಣವಲ್ಲ. ಕೂದಲು, ಉಗುರುಗಳಲ್ಲಿರುವ ಕೆರಟಿನ್ ಎಂಬ ಪ್ರೋಟೀನು. ರೆಪ್ಪೆಯ ಮೇಲಿನ ಹಳದಿ ತೇಪೆಗಳಲ್ಲಿರುವುದು ಕೊಲೆಸ್ಟರಾಲ್ ಎಂಬ ಕೊಬ್ಬು. ಗೌಟ್ ಎಂಬ ಕೀಲುರೋಗದವರ ಬೆರಳಿನಲ್ಲಿಯೂ ಕಿವಿಯ ಅಂಚಿನಲ್ಲಿಯೂ ಕಾಣುವ ಬಿಳಿಯ ಗಂಟುಗಳಲ್ಲಿರುವುದು ಯೂರಿಕ್ ಆಮ್ಲದ ಲವಣ. ನಿಜವಾದ ಸುಣ್ಣದ ಗಂಟು ಮುಟ್ಟಿದರೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಕೆಲವೊಮ್ಮೆ ಒಡೆದು ಸೀಮೆಸುಣ್ಣದ ಪುಡಿಯಂಥ ವಸ್ತುವನ್ನು ಹೊರಹಾಕುತ್ತದೆ. ಕ್ಷಕಿರಣದ ಚಿತ್ರದಲ್ಲಿ ಎಲುಬಿನಂತೆಯೇ ಬೆಳ್ಳಗೆ ಮೂಡುತ್ತದೆ.

ಹಂಡೆಯ ಸುಣ್ಣಕ್ಕೂ ಚರ್ಮದ ಸುಣ್ಣಕ್ಕೂ ರಸಾಯನಶಾಸ್ತ್ರದ ದೃಷ್ಟಿಯಿಂದ ಭೇದವಿದೆ. ಹಂಡೆಯಲ್ಲಿ ಕಟ್ಟುವುದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಚರ್ಮದಲ್ಲಿ ಕಟ್ಟುವುದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಕೂಡಿದ ಹೈಡ್ರಾಕ್ಸಿ ಅಪಟೈಟ್ ಎಂಬ ಹರಳು. ನಮ್ಮ ಎಲುಬಿನ ಖನಿಜಕ್ಕೆ ಹತ್ತಿರದ ಸಂಬಂಧಿ. ಹಂಗೆರಿಯ ಫಾನ್ ಕೋಸ ಎಂಬ ವಿಜ್ಞಾನಿ 1901ರಲ್ಲಿ ಪ್ರಕಟಿಸಿದ ವಿಧಾನದಂತೆ, ಚರ್ಮದ ತೆಳು ಪದರಕ್ಕೆ ಸಿಲ್ವರ್ ನೈಟ್ರೇಟನ್ನು ಸೋಕಿಸಿದಾಗ ಸುಣ್ಣವಿರುವ ಸ್ಥಳ ಕಪ್ಪಾಗುತ್ತದೆ. ಇಂದಿಗೂ ಪ್ರಯೋಗಶಾಲೆಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ. ಸ್ವಾರಸ್ಯವೆಂದರೆ ಇಲ್ಲಿ ಬೆಳ್ಳಿಯು ಕೂಡಿಕೊಳ್ಳುವುದು ಕ್ಯಾಲ್ಸಿಯಮ್ಮಿನೊಡನಲ್ಲ, ಅದರ ಜೊತೆಗಿರುವ ಫಾಸ್ಫೇಟಿನೊಡನೆ. ಅಪವಾದವೆಲ್ಲ ಕ್ಯಾಲ್ಸಿಯಮ್ಮಿನ ತಲೆಯ ಮೇಲೆ ಬಿದ್ದಿದ್ದರೂ ಅದರಲ್ಲಿ ಫಾಸ್ಫೇಟಿಗೂ ಸಮಪಾಲಿದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕಾವಲುಗಾರರ ಕಥೆ

ವಯಸ್ಕನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ಇದರಲ್ಲಿ ನೂರಕ್ಕೆ 99 ಪಾಲು ಎಲುಬು ಮತ್ತು ಹಲ್ಲುಗಳಲ್ಲಿ ಭದ್ರವಾಗಿದೆ. ರಕ್ತದ್ರವವನ್ನೂ ಜೀವಕೋಶಗಳ ಹೊರಗಿನ ಇತರ ದ್ರವಗಳನ್ನೂ ಒಟ್ಟುಗೂಡಿಸಿದರೂ ಅವುಗಳಲ್ಲಿರುವುದು ಸುಮಾರು ಒಂದು ಗ್ರಾಂ ಮಾತ್ರ. 100 ಮಿಲಿಲೀಟರ್ ರಕ್ತದ್ರವದಲ್ಲಿ 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಆರೋಗ್ಯದ ಲಕ್ಷಣ. ಊಟದಲ್ಲಿ ಒಂದು ದಿನ ಹೆಚ್ಚು, ಮರುದಿನ ಕಡಮೆ ಕ್ಯಾಲ್ಸಿಯಂ ಸೇವಿಸಿದರೂ ಈ ಪ್ರಮಾಣ ಕದಲುವುದಿಲ್ಲ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು, ಜೀವಸತ್ತ್ವ ಡಿ, ಕರುಳು, ಮೂತ್ರಪಿಂಡ ಮತ್ತು ಎಲುಬು ಇವೆಲ್ಲವೂ ಸೇರಿ ಅದನ್ನು ಕಾಯುತ್ತವೆ. ಹಂಡೆಯ ಹೋಲಿಕೆ ಮುರಿದು ಬೀಳುವುದು ಇಲ್ಲಿಯೇ. ಹಂಡೆಗೆ ತನ್ನ ನೀರಿನ ಸುಣ್ಣವನ್ನು ಅಳೆದು ಸರಿಪಡಿಸುವ ಶಕ್ತಿಯಿಲ್ಲ.

ಆದರೆ ಈ ಕಟ್ಟುನಿಟ್ಟಾದ ಪ್ರಮಾಣವೂ ಸಾಕಷ್ಟು ಹೆಚ್ಚಿನದೇ. ರಸಾಯನಶಾಸ್ತ್ರದ ಲೆಕ್ಕದಂತೆ ಆರೋಗ್ಯವಂತನ ರಕ್ತದ್ರವವು ಹೈಡ್ರಾಕ್ಸಿ ಅಪಟೈಟಿನ ಮಟ್ಟಿಗೆ ಅತಿಪರ್ಯಾಪ್ತ ದ್ರಾವಣ. ಶಾಲೆಯ ಪ್ರಯೋಗಶಾಲೆಯಲ್ಲಿ ಹೈಪೊ ಎಂಬ ಸೋಡಿಯಂ ಥಯೋಸಲ್ಫೇಟನ್ನು ಬಿಸಿಮಾಡಿ ಕರಗಿಸಿ, ಅಲುಗಿಸದೆ ಆರಲು ಬಿಟ್ಟವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ. ತಣ್ಣಗಾದ ದ್ರಾವಣ ತಿಳಿಯಾಗಿಯೇ ಇರುತ್ತದೆ. ಅದರೊಳಗೆ ಹೈಪೊವಿನ ಒಂದು ಸಣ್ಣ ಹರಳನ್ನು ಹಾಕಿದೊಡನೆ ಪಾತ್ರೆಯೆಲ್ಲ ಹರಳುಗಟ್ಟಿ ಬಿಸಿಯಾಗುತ್ತದೆ. ನಮ್ಮ ಅಂಗಾಂಶಗಳ ದ್ರವವೂ ಇಂಥ ಬೀಜದ ಹರಳೊಂದಕ್ಕಾಗಿ ಕಾದಿರುವ ದ್ರಾವಣವೇ ಆಗಿದೆ. ಹೀಗಿದ್ದೂ ನಾವು ಮೈಯೆಲ್ಲ ಕಲ್ಲಾಗದೆ ಉಳಿದಿರುವುದಕ್ಕೆ ಕಾರಣ, ಹರಳುಗಳನ್ನು ಮೊಳೆಯಗೊಡದ ಕಾವಲುಗಾರರು ದೇಹದಲ್ಲಿರುವುದು.

ಈ ಕಾವಲುಗಾರರ ಪರಿಚಯ ನಮಗಾದುದು ಈಚಿನ ಕೆಲವು ದಶಕಗಳಲ್ಲಿ. ಗಡಸು ನೀರಿನ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ಕೆಲವು ಬಗೆಯ ಫಾಸ್ಫೇಟುಗಳನ್ನು ಬೆರೆಸುವ ಪದ್ಧತಿ ಕೈಗಾರಿಕೆಯಲ್ಲಿ ಬಹುಕಾಲದಿಂದ ಇತ್ತು. ಅಂಥದೇ ಗುಣವುಳ್ಳ ಪೈರೊಫಾಸ್ಫೇಟ್ ಎಂಬ ವಸ್ತುವನ್ನು ಫ್ಲೈಶ್ ಮತ್ತು ಬಿಸಾಜ್ ಎಂಬ ವಿಜ್ಞಾನಿಗಳು ಮಾನವನ ಮೂತ್ರದಿಂದ ಬೇರ್ಪಡಿಸಿ 1962ರಲ್ಲಿ ಪ್ರಕಟಿಸಿದರು. ಕೈಗಾರಿಕೆಯು ಕಂಡುಹಿಡಿದ ಉಪಾಯವನ್ನು ದೇಹವು ಅದಕ್ಕಿಂತ ಎಷ್ಟೋ ಮೊದಲೇ ಅನುಸರಿಸುತ್ತಿದ್ದಿತು! ಮುಂದೆ 1997ರಲ್ಲಿ ಕಾರ್ಸೆಂಟಿ ಮತ್ತು ಸಂಗಡಿಗರು ಮೇಟ್ರಿಕ್ಸ್ ಗ್ಲಾ ಎಂಬ ಪ್ರೋಟೀನನ್ನು ತಯಾರಿಸಲಾರದ ಇಲಿಗಳನ್ನು ಬೆಳೆಸಿದರು. ಅವುಗಳ ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿಸಿರಲಿಲ್ಲ. ಆದರೂ ಅವುಗಳ ರಕ್ತನಾಳಗಳು ಸುಣ್ಣಗಟ್ಟಿ ಒಡೆದು, ಎರಡು ತಿಂಗಳೊಳಗೆ ಅವು ಸತ್ತುವು. 2003ರಲ್ಲಿ ಫೆಟುಯಿನ್ ಎ ಎಂಬ ಇನ್ನೊಂದು ಪ್ರೋಟೀನಿಲ್ಲದ ಇಲಿಗಳ ಮೆದು ಅಂಗಾಂಶಗಳಲ್ಲಿ ಸುಣ್ಣ ಸೇರಿದುದು ಕಂಡುಬಂದಿತು. ಸುಣ್ಣ ಹೆಚ್ಚಾಗದಿದ್ದರೂ ಕಾವಲು ತಪ್ಪಿದರೆ ಸಾಕು, ಅನರ್ಥವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಕಾವಲು ಮುರಿಯುವ ಬಗೆಗಳು

ಚರ್ಮದಲ್ಲಿ ಸುಣ್ಣ ಕಟ್ಟುವ ಕಾರಣಗಳನ್ನು ವೈದ್ಯಶಾಸ್ತ್ರವು ಐದು ವರ್ಗಗಳಾಗಿ ವಿಂಗಡಿಸಿದೆ. ಇವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಗಾಸಿಗೊಂಡ ಅಂಗಾಂಶದಲ್ಲಿ ಸುಣ್ಣ ಸೇರುವುದು. ಇಲ್ಲಿ ರಕ್ತದ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ, ಫಾಸ್ಫೇಟೂ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಆ ಸ್ಥಳ. ಪೆಟ್ಟು, ಸುಟ್ಟ ಗಾಯ, ಹಳೆಯ ಮೊಡವೆಯ ಕಲೆ, ದೀರ್ಘಕಾಲದ ಉರಿಯೂತ, ರಕ್ತಸಂಚಾರದ ಕೊರತೆ ಇವುಗಳಿಂದ ಜೀವಕೋಶಗಳು ಸಾಯುತ್ತವೆ. ಸಾಯುವ ಕೋಶದ ಪೊರೆ ಹರಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶದೊಳಗಿನ ಫಾಸ್ಫೇಟಿನೊಡನೆ ಸೇರಿ ಮೊದಲ ಹರಳು ಮೂಡುತ್ತದೆ. ಗಾಸಿಗೊಂಡೆಡೆಯ ಕಿಣ್ವಗಳು ಪೈರೊಫಾಸ್ಫೇಟನ್ನು ಒಡೆದುಹಾಕುತ್ತವೆ. ಬೀಜ ಬಿತ್ತು, ಕಾವಲು ಹೋಯಿತು. ಇನ್ನು ಬೆಳೆ ಏಳದಿರುವುದುಂಟೆ?

ಈ ವರ್ಗದಲ್ಲಿ ಎರಡು ರೋಗಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಒಂದು, ಚರ್ಮವನ್ನು ಪೆಡಸುಗೊಳಿಸುವ ಸ್ಕ್ಲೀರೊಡರ್ಮ. ಇದರೊಡನೆ ಸುಣ್ಣದ ಗಂಟುಗಳು ಬರುವುದನ್ನು ಫ್ರಾನ್ಸಿನ ಟಿಬಿಯೆರ್ಜ್ ಮತ್ತು ವೈಸೆನ್‌ಬಾಕ್ ಎಂಬ ವೈದ್ಯರು 1910ರ ಸುಮಾರಿಗೆ ವರ್ಣಿಸಿದ್ದರು. 1964ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ವಿಂಟರ್‌ಬಾವರ್, ಸುಣ್ಣದ ಗಂಟು, ತಣ್ಣಗಾದಾಗ ಬೆಳ್ಳಗೆ ನೀಲಿಯಾಗುವ ಬೆರಳು, ಪೆಡಸಾದ ಬೆರಳಿನ ಚರ್ಮ, ಮುಖ ಮತ್ತು ಕೈಗಳ ಮೇಲೆ ಹಿಗ್ಗಿದ ಸೂಕ್ಷ್ಮ ರಕ್ತನಾಳಗಳ ಕೆಂಪು ಚುಕ್ಕೆ ಈ ನಾಲ್ಕನ್ನೂ ಒಂದೇ ರೋಗದ ಲಕ್ಷಣಗಳೆಂದು ಜೊತೆಗೂಡಿಸಿ ತೋರಿಸಿದರು. ಬಳಿಕ ನುಂಗುವ ಕಷ್ಟವೂ ಈ ಪಟ್ಟಿಗೆ ಸೇರಿತು. ಬೇರೆ ಬೇರೆಯಾಗಿ ಕಂಡರೆ ಅಲ್ಪವೆನಿಸುವ ಲಕ್ಷಣಗಳನ್ನು ಕೂಡಿಸಿ ನೋಡುವ ಕಣ್ಣು ವಿದ್ಯಾರ್ಥಿದೆಸೆಯಲ್ಲಿಯೂ ಇರಬಲ್ಲುದೆಂಬುದಕ್ಕೆ ಇದು ಉತ್ತಮ ನಿದರ್ಶನ.

ಎರಡನೆಯದು ಮಕ್ಕಳಿಗೆ ಬರುವ ಡರ್ಮಟೊಮೈಯೊಸೈಟಿಸ್. ಸ್ನಾಯುಗಳೂ ಚರ್ಮವೂ ಒಟ್ಟಿಗೆ ಉರಿಯೂತಕ್ಕೆ ಒಳಗಾಗುವ ಈ ರೋಗದಲ್ಲಿ ಮೊಣಕೈ, ಮೊಣಕಾಲು, ಪೃಷ್ಠಗಳ ಬಳಿ ಸುಣ್ಣದ ಗಂಟುಗಳು ಏಳುವುದುಂಟು. ಚಿಕಿತ್ಸೆ ತಡವಾದಷ್ಟೂ ಈ ತೊಡಕು ಹೆಚ್ಚೆಂದು ವೈದ್ಯರ ಅನುಭವ.

ಎರಡನೆಯ ವರ್ಗದಲ್ಲಿ ಸ್ಥಳ ಕೆಟ್ಟಿರುವುದಿಲ್ಲ, ರಕ್ತವೇ ಕೆಟ್ಟಿರುತ್ತದೆ. ಎಲುಬನ್ನು ನಾಶಮಾಡುವ ರೋಗಗಳಲ್ಲಿ ಅಲ್ಲಿಂದ ಕರಗಿದ ಸುಣ್ಣವು ಬೇರೆ ಅಂಗಗಳಿಗೆ ಹೋಗಿ ನೆಲೆಸುವುದನ್ನು ಜರ್ಮನಿಯ ರುಡಾಲ್ಫ್ ವಿರ್ಶೋ 1855ರಲ್ಲಿಯೇ ವಿವರಿಸಿದ್ದನು. ಇಂದು ಈ ವರ್ಗದ ಮುಖ್ಯ ಕಾರಣ ಮೂತ್ರಪಿಂಡಗಳ ದೀರ್ಘಕಾಲದ ವೈಫಲ್ಯ. ಇಲ್ಲಿ ಒಂದು ಸಣ್ಣ ಗುಣಾಕಾರ ಉಪಯುಕ್ತವಾದುದು. 100 ಮಿಲಿಲೀಟರ್ ರಕ್ತದ್ರವದ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳ ಮಿಲಿಗ್ರಾಂ ಸಂಖ್ಯೆಗಳನ್ನು ಗುಣಿಸಿದರೆ ಆರೋಗ್ಯವಂತನಲ್ಲಿ ಸುಮಾರು 9 × 4, ಅಂದರೆ 36ರ ಆಸುಪಾಸಿನಲ್ಲಿ ಬರುತ್ತದೆ. ಈ ಗುಣಲಬ್ಧ 70ನ್ನು ಮೀರಿದರೆ ಮೆದು ಅಂಗಾಂಶಗಳಲ್ಲಿ ಸುಣ್ಣ ಕಟ್ಟುವ ಭಯವಿದೆಯೆಂದು ವೈದ್ಯರು ಎಣಿಸುತ್ತ ಬಂದಿದ್ದಾರೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದಾಗ ಫಾಸ್ಫೇಟು ಹೊರಹೋಗದೆ 8ಕ್ಕೆ ಏರಿತೆನ್ನೋಣ. ಆಗ ಕ್ಯಾಲ್ಸಿಯಂ 9ರಲ್ಲಿಯೇ ನಿಂತಿದ್ದರೂ ಗುಣಲಬ್ಧ 72 ಆಗುತ್ತದೆ. ಕ್ಯಾಲ್ಸಿಯಂ ಒಂದಿಷ್ಟೂ ಹೆಚ್ಚಲಿಲ್ಲ. ಆದರೂ ಗೆರೆ ದಾಟಿತು.

ಮೂರನೆಯ ವರ್ಗ ಚಿಕಿತ್ಸೆಯ ಕಾಲದಲ್ಲಿಯೇ ಉಂಟಾಗುವುದು. ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಮದ್ದು ಹೊರಗೆ ಸೋರಿದರೆ ಅಲ್ಲಿ ಗಂಟಾಗಬಹುದು. ರಕ್ತಪರೀಕ್ಷೆಗಾಗಿ ಹಸುಳೆಗಳ ಹಿಮ್ಮಡಿಗೆ ಮತ್ತೆ ಮತ್ತೆ ಸೂಜಿ ಚುಚ್ಚಿದಲ್ಲಿ ಕೆಲವು ತಿಂಗಳ ಮೇಲೆ ಸುಣ್ಣದ ಚುಕ್ಕೆಗಳು ಕಾಣುವುದುಂಟು. ನಾಲ್ಕನೆಯದು ಕಾರಣ ತಿಳಿಯದ ವರ್ಗ. ಕಾರಣ ತಿಳಿಯದೆಂದರೆ ಕಾರಣವಿಲ್ಲವೆಂದು ಅರ್ಥವಲ್ಲ. ಕೆಲವು ಕುಟುಂಬಗಳಲ್ಲಿ ತಲೆಮಾರಿನಲ್ಲಿ ಹಲವರಿಗೆ ಕೀಲುಗಳ ಬಳಿ ದೊಡ್ಡ ಸುಣ್ಣದ ಗಡ್ಡೆಗಳು ಬರುವುದನ್ನು ಬಹುಕಾಲ ಈ ವರ್ಗದಲ್ಲಿಯೇ ಇಟ್ಟಿದ್ದರು. ಫಾಸ್ಫೇಟನ್ನು ಹೊರಹಾಕುವಂತೆ ಮೂತ್ರಪಿಂಡಕ್ಕೆ ಆಜ್ಞೆ ಮಾಡುವ ಹಾರ್ಮೋನಿನ ವ್ಯವಸ್ಥೆಯಲ್ಲಿ ಜೀನಿನ ದೋಷವಿರುವುದು 2004ರಿಂದೀಚೆಗೆ ಗೊತ್ತಾಯಿತು.

ಐದನೆಯದು ಎಲ್ಲಕ್ಕಿಂತ ಭಯಂಕರವಾದ ಕ್ಯಾಲ್ಸಿಫೈಲಾಕ್ಸಿಸ್. ಈ ಹೆಸರನ್ನು ಕೊಟ್ಟವರು ಮಾಂಟ್ರಿಯಲ್ಲಿನ ಹಾನ್ಸ್ ಸೆಲ್ಯೆ. ಜೀವಸತ್ತ್ವ ಡಿ ಮೊದಲಾದುವುಗಳಿಂದ ಮೊದಲೇ ಸಿದ್ಧಗೊಳಿಸಿದ ಇಲಿಗಳಿಗೆ ಆಮೇಲೆ ಅಲ್ಪ ಪ್ರಚೋದನೆ ಕೊಟ್ಟರೂ ಆ ಸ್ಥಳದಲ್ಲಿ ಸುಣ್ಣ ಕಟ್ಟುವುದೆಂದು ತೋರಿಸಿ, 1962ರಲ್ಲಿ ಅವರು ಇದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಮಾನವರಲ್ಲಿ ಆ ಹೆಸರಿನಿಂದ ಕರೆಯುವ ರೋಗವು ಆ ಇಲಿಗಳ ಸ್ಥಿತಿಗಿಂತ ಭಿನ್ನ. ಹೆಚ್ಚಾಗಿ ಡಯಾಲಿಸಿಸ್ ಚಿಕಿತ್ಸೆಯಲ್ಲಿರುವವರ ಚರ್ಮದ ಸಣ್ಣ ರಕ್ತನಾಳಗಳು ಸುಣ್ಣಗಟ್ಟಿ ಮುಚ್ಚಿ, ಅಸಹ್ಯ ನೋವಿನ ಹುಣ್ಣುಗಳಾಗುತ್ತವೆ. ರೋಗಿಗಳಲ್ಲಿ ಅರ್ಧದಷ್ಟು ಜನ ಒಂದು ವರ್ಷದೊಳಗೆ ಮೃತರಾಗುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಎಂಬ ಔಷಧವು ಈ ಅಪಾಯವನ್ನು ಹೆಚ್ಚಿಸುತ್ತದೆ. ಮೇಟ್ರಿಕ್ಸ್ ಗ್ಲಾ ಪ್ರೋಟೀನು ಕೆಲಸ ಮಾಡಲು ಜೀವಸತ್ತ್ವ ಕೆ ಬೇಕು. ವಾರ್ಫರಿನ್ ಅದಕ್ಕೆ ಅಡ್ಡಿ. ಆದರೆ ಹೃದ್ರೋಗಿಗಳಿಗೆ ಅದು ಜೀವರಕ್ಷಕವೂ ಹೌದಾದುದರಿಂದ ವೈದ್ಯರನ್ನು ಕೇಳದೆ ಯಾರೂ ಅದನ್ನು ನಿಲ್ಲಿಸತಕ್ಕದ್ದಲ್ಲ. ಈ ರೋಗದಲ್ಲಿ ವೈದ್ಯರು ಹಲವರಿಗೆ ಕೊಟ್ಟು ನೋಡುವ ಔಷಧ ಬೇರಾವುದೂ ಅಲ್ಲ, ಶಾಲೆಯ ಪ್ರಯೋಗಶಾಲೆಯ ಅದೇ ಸೋಡಿಯಂ ಥಯೋಸಲ್ಫೇಟು. ಅದರ ಫಲದ ವಿಷಯದಲ್ಲಿ ಮಾತ್ರ ಇನ್ನೂ ಏಕಾಭಿಪ್ರಾಯವಿಲ್ಲ.

ಆಹಾರ ನಿರಪರಾಧಿಯೆ?

ಇಷ್ಟು ಹೇಳಿದ ಮೇಲೆ, ಸೇವಿಸುವ ಕ್ಯಾಲ್ಸಿಯಂ ಎಂದೂ ತಪ್ಪಿತಸ್ಥನಲ್ಲವೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಷಿಕಾಗೋ ನಗರದ ವೈದ್ಯ ಸಿಪ್ಪಿ 1915ರಲ್ಲಿ ಜಠರದ ಹುಣ್ಣಿಗೆ ಗಂಟೆಗೊಮ್ಮೆ ಹಾಲು ಮತ್ತು ಕೆನೆಯನ್ನೂ ಕ್ಷಾರದ ಪುಡಿಗಳನ್ನೂ ಕೊಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದನು. ಇಂಥ ಪಥ್ಯವನ್ನು ವರ್ಷಗಟ್ಟಲೆ ನಡೆಸಿದ ಕೆಲವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ, ಮೂತ್ರಪಿಂಡ ಕೆಟ್ಟು, ಮೆದು ಅಂಗಾಂಶಗಳಲ್ಲಿ ಸುಣ್ಣ ಸೇರಿದುದನ್ನು 1949ರಲ್ಲಿ ಬರ್ನೆಟ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದರು. ಜೀವಸತ್ತ್ವ ಡಿ ಅತಿಯಾದರೂ ಇದೇ ಗತಿ. ನಮ್ಮ ದೇಶದಲ್ಲಿ 6 ಲಕ್ಷ ಏಕಮಾನಗಳ ಜೀವಸತ್ತ್ವ ಡಿ ಚುಚ್ಚುಮದ್ದು ದೊರೆಯುತ್ತದೆ. ಮೈಕೈ ನೋವಿಗೆಂದು ಅದನ್ನು ಲೆಕ್ಕವಿಲ್ಲದೆ ಮತ್ತೆ ಮತ್ತೆ ಹಾಕಿಸಿಕೊಂಡು ವಿಷಬಾಧೆಗೆ ಒಳಗಾದವರ ವೃತ್ತಾಂತಗಳು ವೈದ್ಯಪತ್ರಿಕೆಗಳಲ್ಲಿ ಬಂದಿವೆ. ಮೂತ್ರಪಿಂಡದ ರೋಗಿಗಳಿಗೆ ಹಾಲನ್ನು ಮಿತಗೊಳಿಸುವುದೂ ಉಂಟು. ಅದಕ್ಕೆ ಅದರಲ್ಲಿರುವ ಫಾಸ್ಫೇಟು ಮುಖ್ಯ ಕಾರಣ.

ಆದರೆ ಇವೆಲ್ಲವೂ ಮಿತಿಮೀರಿದ ಔಷಧದ ಅಥವಾ ಕೆಟ್ಟ ಮೂತ್ರಪಿಂಡದ ಕಥೆಗಳು. ಊಟದ ತಟ್ಟೆಯ ಕಥೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಶಿಫಾರಸು ಮಾಡಿತು. 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ. ಮುದ್ದೆಯುಂಡು ಮಜ್ಜಿಗೆ ಕುಡಿದ ಆರೋಗ್ಯವಂತನ ಚರ್ಮಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ.

ಈ ತಪ್ಪು ತಿಳಿವಳಿಕೆಯಿಂದಾಗುವ ಹಾನಿಯನ್ನು ಒಂದು ಉದಾಹರಣೆಯಿಂದ ತೂಗಿ ನೋಡೋಣ. ಡರ್ಮಟೊಮೈಯೊಸೈಟಿಸ್ ಬಂದ ಮಗುವಿನ ಮೊಣಕೈಯಲ್ಲಿ ಗಂಟು ಕಂಡು ಮನೆಯವರು ಹಾಲನ್ನು ನಿಲ್ಲಿಸಿದರೆನ್ನೋಣ. ರಕ್ತದ ಕ್ಯಾಲ್ಸಿಯಂ ತಗ್ಗಲು ದೇಹವು ಬಿಡುವುದಿಲ್ಲ. ಕೊರತೆಯಾದಷ್ಟನ್ನು ಎಲುಬಿನಿಂದ ಕಿತ್ತು ತುಂಬಿಕೊಳ್ಳುತ್ತದೆ. ಗಂಟು ಕರಗುವುದಿಲ್ಲ, ಎಲುಬು ಕರಗುತ್ತದೆ. ಈ ರೋಗಕ್ಕೆ ಕೊಡುವ ಸ್ಟಿರಾಯ್ಡ್ ಔಷಧಗಳು ತಾವೇ ಎಲುಬನ್ನು ಸವೆಸುವಂಥವು. ಅಂಥ ಮಕ್ಕಳಿಗೆ ಕ್ಯಾಲ್ಸಿಯಂ ಸಾಕಷ್ಟು ಬೇಕು. ಅದನ್ನೇ ನಿಲ್ಲಿಸುವುದು ಬೆಂಕಿಗೆ ತುಪ್ಪ ಸುರಿದಂತೆ. ಇನ್ನೊಂದು ಕಡೆ, ಹಾಲು ಬಿಟ್ಟಿದ್ದೇವಲ್ಲ ಎಂಬ ಸಮಾಧಾನದಲ್ಲಿ ನಿಜವಾದ ಚಿಕಿತ್ಸೆ ಆರಂಭವಾಗಬೇಕಾದ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಬೆರಳ ತುದಿಯಲ್ಲಿ ಸುಣ್ಣ ಕಂಡವಳಿಗೆ ಅದು ಸ್ಕ್ಲೀರೊಡರ್ಮದ ಮುನ್ಸೂಚನೆಯಾಗಿರಬಹುದು; ಆ ರೋಗವು ಮುಂದೆ ಶ್ವಾಸಕೋಶಗಳನ್ನೂ ಬಾಧಿಸಬಲ್ಲುದು. ಗಂಟು ಇಲ್ಲಿ ರೋಗಕ್ಕಿಂತ ಹೆಚ್ಚಾಗಿ ರೋಗದ ಪತ್ರ. ತೆರೆದು ಓದದೆ ಹರಿದೆಸೆದರೆ ಪ್ರಯೋಜನವೇನು?

ಆದುದರಿಂದ ನಮ್ಮ ಸೂಚನೆಗಳು ಮೂರು. ಚರ್ಮದಲ್ಲಿ ಕಲ್ಲಿನಂಥ ಗಂಟು ಕಂಡವರು ಪಥ್ಯವನ್ನು ಬದಲಿಸುವ ಮೊದಲು ವೈದ್ಯರನ್ನು ಕಾಣಬೇಕು. ಅದನ್ನು ಹಿಸುಕುವುದಾಗಲಿ ಸೂಜಿಯಿಂದ ಕೆದಕುವುದಾಗಲಿ ಸಲ್ಲದು, ಆ ಗಾಸಿಯೇ ಹೊಸ ಬೀಜವಾಗಬಲ್ಲುದು. ಗಂಟನ್ನು ಕತ್ತರಿಸಿ ತೆಗೆದಲ್ಲಿಗೆ ಕೆಲಸ ಮುಗಿಯಿತೆಂದು ಎಣಿಸದೆ, ರಕ್ತದ ಕ್ಯಾಲ್ಸಿಯಂ, ಫಾಸ್ಫೇಟು, ಮೂತ್ರಪಿಂಡದ ಕಾರ್ಯ, ಪ್ಯಾರಾಥೈರಾಯ್ಡ್ ಹಾರ್ಮೋನು ಇವುಗಳ ಪರೀಕ್ಷೆಯಾಗುವಂತೆ ನೋಡಿಕೊಳ್ಳಬೇಕು. ಮೂರನೆಯದಾಗಿ, ನಮ್ಮ ಪಾಠಪುಸ್ತಕಗಳು ಕ್ಯಾಲ್ಸಿಯಂ ಎಲ್ಲಿರುತ್ತದೆ ಎಂಬುದನ್ನು ಹೇಳುವುದರ ಜೊತೆಗೆ, ಇರಬಾರದೆಡೆಯಲ್ಲಿ ಅದು ಏಕಿರುವುದಿಲ್ಲ ಎಂಬುದನ್ನೂ ಹೇಳಬೇಕು. ಹೈಪೊ ಪ್ರಯೋಗವನ್ನು ಮಾಡಿಸುವ ಉಪಾಧ್ಯಾಯರು ಅದೇ ತರಗತಿಯಲ್ಲಿ ರಕ್ತದ ವಿಷಯವಾಗಿ ಎರಡು ಮಾತು ಆಡಿದರೆ ಸಾಕು, ರಸಾಯನಶಾಸ್ತ್ರವೂ ಜೀವಶಾಸ್ತ್ರವೂ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದಾಗುತ್ತವೆ.

ದೇಹದಲ್ಲಿ ಏನಾದರೂ ನಡೆದಾಗ ಮಾತ್ರ ನಾವು ಕಾರಣ ಹುಡುಕುತ್ತೇವೆ. ಏನೂ ನಡೆಯದಿರುವುದಕ್ಕೂ ಕಾರಣವಿರಬಹುದೆಂಬುದು ನಮಗೆ ಹೊಳೆಯುವುದಿಲ್ಲ. ನಮ್ಮ ಚರ್ಮವು ಹುಟ್ಟಿದಂದಿನಿಂದ ಮೆದುವಾಗಿ ಉಳಿದಿರುವುದು ತಾನೇ ತಾನಾಗಿ ಅಲ್ಲ, ಕ್ಷಣಕ್ಷಣಕ್ಕೂ ನಡೆಯುತ್ತಿರುವ ಕಾವಲಿನ ಫಲವಾಗಿ. ಎಲ್ಲೋ ಒಂದೆಡೆ ಸುಣ್ಣ ಕಟ್ಟಿದಾಗ ಅದನ್ನು ಅಡಿಗೆಮನೆಯಲ್ಲಿ ಹುಡುಕುವುದನ್ನು ಬಿಟ್ಟು, ಆ ಕಾವಲುಗಾರನಿಗೆ ಏನಾಯಿತೆಂದು ವಿಚಾರಿಸುವುದೇ ವಿವೇಕ.